ಟೆಂಟಿನ ಹೊರಗೆ ಕೇಳಿದ ಕೊಳಲು

ಮಲಪ್ರಭೆಯ ದಂಡೆಯಲ್ಲಿ ರೇವಣಯ್ಯ ಬುವಾ ಎಂಬ ಕೊಳಲು ವಿದ್ವಾಂಸರ ಪುಟ್ಟ ಆಶ್ರಮವಿತ್ತು.

ಅಲ್ಲೊಂದು ರೂಢಿ. ಕಲಿಯಲು ಬಂದವರು ಗುರುಪೂರ್ಣಿಮೆಯ ದಿನ ತಮ್ಮನ್ನು ಕೊಳಲಿನತ್ತ ಎಳೆದು ತಂದ ನಾದ ಯಾವುದೋ ಅದನ್ನೇ ನುಡಿಸಬೇಕು. ಒಪ್ಪಿದರೆ ಬುವಾ ಮಣಿಕಟ್ಟಿಗೆ ಕೆಂಪು ದಾರ ಕಟ್ಟುತ್ತಾರೆ. ದಾರ ಕಟ್ಟಿಸಿಕೊಂಡವರು ಶಿಷ್ಯರು, ಉಳಿದವರು ಊರಿಗೆ.

ದಾಕ್ಷಾಯಣಿಗೆ ಊರಿಗೆ ಮರಳುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. "ದಾರ ಕಟ್ಟಲಿಲ್ಲಂದ್ರ ಕೊಳಲು ಅಲ್ಲೇ ಇಟ್ಟು ಬಾ" ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದ. ವರ್ಷವಿಡೀ ಅವಳು ತುಟಿ ಒಡೆಯುವಷ್ಟು ಸಾಧನೆ ಮಾಡಿದ್ದಳು.

ಗುರುಪೂರ್ಣಿಮೆಯ ಬೆಳಿಗ್ಗೆ ಅವಳೊಂದು ಭಜನೆ ನುಡಿಸಿದಳು. ಒಂದು ಸ್ವರವೂ ಜಾರಲಿಲ್ಲ.

"ಯಾರ್ದವ್ವಾ ಇದು?" ಬುವಾ ಕೇಳಿದರು.

"ನಮ್ಮಜ್ಜ ಹಾಡ್ತಿದ್ರು, ಗುರುಗಳ."

"ನಾ ಕಲಿಸಿದ ತಿರುವೆಲ್ಲಾ ನಿಮ್ಮಜ್ಜಗ ಹೆಂಗ ಗೊತ್ತಾದವು?"

ದಾಕ್ಷಾಯಣಿ ತಲೆ ತಗ್ಗಿಸಿದಳು. ಬುವಾ ದಾರವನ್ನು ಮತ್ತೆ ತಟ್ಟೆಯಲ್ಲಿಟ್ಟರು.

"ನಂದು ನನಗ ವಾಪಸ್ ಕೊಟ್ರ ಏನು ಬಂತು? ಸಂಜಿ ಮಟ ವ್ಯಾಳ್ಯಾ ಐತಿ. ನಿಂದು ತಗೊಂಡು ಬಾ."

ಅವಳು ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕುಳಿತಳು. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ನಾಚಿಕೆ. ಅಜ್ಜ ಹಾಡಿದ್ದನ್ನು ಅವಳು ಕನಸಿನಲ್ಲೂ ಕೇಳಿರಲಿಲ್ಲ. ನಿಜ ಹೇಳೋಣವೆಂದರೆ, ಸಿನಿಮಾ ಹಾಡು ಗುನುಗಿದ ಒಬ್ಬನನ್ನು ಇಲ್ಲಿನವರು ವಾರಗಟ್ಟಲೆ ಆಡಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದಳು.

ಆದರೆ ಕೊಳಲು ಬಿಡುವುದೆಂದರೆ ಅವಳಿಂದಾಗದ ಮಾತು. ನಕ್ಕರೆ ನಗಲಿ ಎಂದು ಎದ್ದು, ಸಂಜೆಗೆ ಮತ್ತೆ ಬುವಾ ಅವರ ಮುಂದೆ ಬಂದು ಕುಳಿತಳು.

"ನಗಬ್ಯಾಡ್ರಿ, ಗುರುಗಳ."

"ನಗು ಬಂದ್ರ ನಗತೀನಿ. ಹೇಳು."

"ನಮ್ಮೂರಾಗ ಟೆಂಟ್ ಸಿನಿಮಾ ಇತ್ರಿ. ಆಟ ಶುರುವಾಗೂ ಮೊದ್ಲ ದಿನಾ ಮೈಕಿನ್ಯಾಗ ಒಂದು ಹಾಡು ಹಾಕ್ತಿದ್ರು. ಅಪ್ಪ ಒಳಗ ಹೋಗಾಕ ಬಿಡ್ತಿರಲಿಲ್ಲ. ನಾ ಹೊರಗ ನಿಂತು ಕೇಳ್ತಿದ್ದೆ."

"ಹಾಡು ಚಲೋ ಇತ್ತೇನು?"

"ಹಾಡು ಯಾರಿಗೆ ಬೇಕಾಗಿತ್ರಿ? ನಡುವ ಒಂದೀಟು ಕೊಳಲು ಬರ್ತಿತ್ತು. ಅದು ಬರೂ ಮಟ ಉಸುರು ಬಿಗಿಹಿಡಿದು ನಿಂದರ್ತಿದ್ದೆ. ಅದು ಮುಗಿದಕೂಡ್ಲೆ ಮನಿಗೆ ಓಡ್ತಿದ್ದೆ."

"ನುಡಿಸಿದವರು ಯಾರು?"

"ಗೊತ್ತಿಲ್ರಿ. ಹಾಡಿದವರ ಹೆಸರು ಎಲ್ಲಾರೂ ಹೇಳ್ತಿದ್ರು. ಕೊಳಲಿನವರ ಹೆಸರು ಯಾರೂ ಹೇಳ್ಲಿಲ್ಲ."

"ನುಡಸು."

ಅವಳು ಕೊಳಲೆತ್ತಿದಳು. ಎಷ್ಟೋ ದಿನದಿಂದ ಅದುಮಿಟ್ಟಿದ್ದ ಸ್ವರ, ಬೆರಳು ತಡವರಿಸಿತು. ಹಿಂದೆ ಕುಳಿತವರಲ್ಲಿ ಯಾರೋ ಕಿಸಕ್ಕೆಂದರು. ಅವಳು ತಿರುಗಿ ನೋಡಲಿಲ್ಲ, ಮೊದಲಿನಿಂದ ಮತ್ತೆ ಹಿಡಿದಳು. ಈ ಸಲ ಉಸಿರು ತಾನಾಗಿ ದಾರಿ ಹಿಡಿಯಿತು. ಅವಳಿಗೆ ತುಂಬ ಸುಖವಾಯಿತು. ವರ್ಷದ ಸಾಧನೆಯಲ್ಲಿ ಒಂದು ದಿನವೂ ಅಷ್ಟು ಸುಖವಾಗಿರಲಿಲ್ಲ.

ಆಮೇಲೆ ಯಾರೂ ನಗಲಿಲ್ಲ.

ಬುವಾ ತಟ್ಟೆಯಿಂದ ದಾರ ಎತ್ತಿಕೊಂಡರು. ದಾಕ್ಷಾಯಣಿ ರೂಢಿಯಂತೆ ಅವರ ಪಾದಕ್ಕೆ ಬಾಗಿದಳು.

ಅವರು ಕಾಲು ಹಿಂದಕ್ಕೆಳೆದುಕೊಂಡರು.

ಅವಳು ತಲೆಯೆತ್ತಿದಳು. "ತಪ್ಪಾತೇನ್ರಿ?"

"ನಿಮ್ಮೂರು ಯಾವ ಕಡೆ ಬರ್ತೈತಿ?"

ಅವಳು ಹೊಳೆಯಾಚೆ ಕೈ ತೋರಿಸಿದಳು.

"ಮೊದಲ ಆ ಕಡೆ ನಮಸ್ಕಾರ ಮಾಡು. ಹೆಸರು ಗೊತ್ತಿಲ್ಲದಿದ್ರೂ ನಡೀತೈತಿ. ನನ್ನ ಕಾಲು ಎಲ್ಲಿಗೂ ಓಡಿ ಹೋಗಂಗಿಲ್ಲ."