ಅವರೆಕಾಳಿನೊಳಗೆ ಮೊಳಕೆ ಬಂದು ಮಲಗಿದ್ದು

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಹೊಳೆ ಯಾವ ಕಡೆ ಹರಿಯಬೇಕೆಂದು ಗಾಳಿಯನ್ನು ಕೇಳುತ್ತಿತ್ತು. ಗಾಳಿ, "ನನ್ನನ್ನೇನು ಕೇಳ್ತೀಯ, ಇಳಿಜಾರನ್ನು ಕೇಳು" ಅನ್ನುತ್ತಿತ್ತು. ಆಗ ಎಲ್ಲಕ್ಕೂ ಮಾತು ಬರುತ್ತಿತ್ತು.

ಮಾತಿತ್ತು, ಆದರೆ ಬೀಜ ಅನ್ನುವುದು ಮಾತ್ರ ಇರಲಿಲ್ಲ.

ಗಿಡಗಳಿದ್ದವು, ಬಳ್ಳಿಗಳಿದ್ದವು. ಲೋಕ ಹುಟ್ಟಿದ ದಿನ ಎಷ್ಟು ಹುಟ್ಟಿದ್ದವೋ ಅಷ್ಟೇ. ಅವು ಹೂ ಬಿಡುತ್ತಿದ್ದವು, ಕಾಯಿ ಬಿಡುತ್ತಿದ್ದವು. ಕಾಯಿ ಸುಲಿದರೆ ಒಳಗೆ ಬರೀ ಪೊಳ್ಳು. ಜನ ಆ ಪೊಳ್ಳುಕಾಯಿಯನ್ನೇ ಬೇಯಿಸಿ ತಿನ್ನುತ್ತಿದ್ದರು. ಒಂದು ಬಳ್ಳಿ ಒಣಗಿತೋ, ಹೋಯಿತು. ಅದರ ಜಾಗಕ್ಕೆ ಇನ್ನೊಂದು ಬರುತ್ತಿರಲಿಲ್ಲ.

ಹೀಗೆ ಒಂದೊಂದೇ ಹೋಗಿ ಹೋಗಿ, ಕಲ್ಲುಗುಡ್ಡದ ಬುಡದ ಹಟ್ಟಿಯಲ್ಲಿ ಕೊನೆಗೆ ಉಳಿದದ್ದು ಒಂದೇ ಒಂದು ಅವರೆಬಳ್ಳಿ. ಅದು ದೇವೀರಿಯ ಗುಡಿಸಲ ಮುಂದಿನ ಚಪ್ಪರಕ್ಕೆ ಹಬ್ಬಿತ್ತು.

ದೇವೀರಿ ನಾರಿನಿಂದ ಹಗ್ಗ ಹೊಸೆಯುವವಳು. ಅವಳ ಗಂಡ ತೀರಿಹೋಗಿದ್ದ. ಚೆಲುವಿ ಅಂತ ಒಬ್ಬಳು ಪುಟ್ಟ ಮಗಳಿದ್ದಳು. ಗಂಡನ ಅಣ್ಣ ಬೆಟ್ಟಯ್ಯ ಹಟ್ಟಿಗೆಲ್ಲ ಯಜಮಾನ.

ಒಂದು ಬೆಳಿಗ್ಗೆ ದೇವೀರಿ ನೋಡುತ್ತಾಳೆ, ಬಳ್ಳಿಯಲ್ಲಿ ಒಂದು ಎಲೆ ಹಳದಿಯಾಗಿದೆ.

"ಯಾಕವ್ವ ಮಂಕಾಗಿದ್ದೀಯ?" ಎಂದು ಕೇಳಿದಳು.

"ವಯಸ್ಸಾಯ್ತು ದೇವೀರಿ. ಬೇರು ನೀರು ಎಳೀತಿಲ್ಲ" ಎಂದಿತು ಬಳ್ಳಿ.

"ನೀನೂ ಹೋದರೆ ನಮ್ಮ ಗತಿ ಏನು?"

ಆ ಹಳದಿ ಎಲೆ ಕಳಚಿ ಕೆಳಗೆ ಬಿತ್ತು.

ಮಧ್ಯಾಹ್ನಕ್ಕೆ ಬೆಟ್ಟಯ್ಯ ಬಂದ. "ದೇವೀರಿ, ಒಣಗೋ ಮೊದಲೇ ಕೊಯ್ದುಬಿಡೋಣ. ಹಟ್ಟಿಯೋರೆಲ್ಲ ಒಂದು ಹೊತ್ತಾದರೂ ಸೊಪ್ಪು ತಿನ್ನಲಿ. ಆಮೇಲಿಂದು ಆಮೇಲೆ ನೋಡಿದರಾಯ್ತು."

"ಆಮೇಲೆ ನೋಡೋದಕ್ಕೆ ಏನಿರುತ್ತೆ ಭಾವ? ಇದು ಹೋಗೋದರೊಳಗೆ ಇನ್ನೊಂದು ಬರೋ ಹಾಗೆ ಮಾಡ್ತೀನಿ."

ಸುತ್ತ ನಿಂತವರು ನಕ್ಕರು. ಬೆಟ್ಟಯ್ಯ ನಗಲಿಲ್ಲ. "ಅರ್ಧ ಬಳ್ಳಿ ಹಳದಿಯಾಗೋವರೆಗೆ ಕಾಯ್ತೀನಿ. ಆಮೇಲೆ ಕುಡುಗೋಲು ತರ್ತೀನಿ" ಎಂದು ಹೊರಟುಹೋದ.

ದೇವೀರಿ ಸುಮ್ಮನೆ ಕೂರುವವಳಲ್ಲ. ಬಳ್ಳಿಯ ಒಂದು ಕುಡಿಯನ್ನು ಮುರಿದು ನೆಲದಲ್ಲಿ ಹೂತಳು. ಅದು ಕೊಳೆತುಹೋಯಿತು.

"ಯಾಕೆ ತಾಯಿ ಹೀಗೆ ಮಾಡಿದೆ?" ಎಂದು ನೆಲವನ್ನು ಕೇಳಿದಳು.

"ನನ್ನ ಕೈಗೆ ಏನು ಕೊಟ್ಟರೂ ಮಣ್ಣು ಮಾಡೋದು ನನ್ನ ಕೆಲಸ ಕಣೆ" ಎಂದಿತು ನೆಲ. "ನನ್ನೊಳಗೆ ಬಂದು ಬದುಕಬೇಕು ಅನ್ನೋರು ಬುತ್ತಿ ಕಟ್ಟಿಕೊಂಡು ಬರಬೇಕು. ಹಸಿದ ಹೊಟ್ಟೇಲಿ ಬಂದರೆ ನಾನೇ ತಿಂದುಬಿಡ್ತೀನಿ."

ಬುತ್ತಿ! ದೇವೀರಿ ಓಡಿಬಂದು ಬಳ್ಳಿಯನ್ನು ಕೇಳಿದಳು, "ನಿನ್ನ ಊಟ ಏನವ್ವ?"

"ಬಿಸಿಲು, ಗಾಳಿ, ನೀರು ಮೂರನ್ನೂ ಎಲೆಯೊಳಗೆ ಕಲಸಿ ಸಿಹಿ ಮಾಡಿಕೊಳ್ತೀನಿ" ಎಂದು ಬಳ್ಳಿ ಒಂದಿಷ್ಟು ಸಿಹಿರಸ ಕೊಟ್ಟಿತು. ದೇವೀರಿ ಅದನ್ನು ಎಲೆಯಲ್ಲಿ ಕಟ್ಟಿ ಹೂತಳು. ಬೆಳಗಾಗುವುದರೊಳಗೆ ಇರುವೆಗಳು ಅದನ್ನು ಖಾಲಿ ಮಾಡಿದ್ದವು.

"ಕಳ್ಳಮುಂಡೇವಾ!" ಎಂದು ಬೈದಳು ದೇವೀರಿ.

ಮುಂದಿದ್ದ ಇರುವೆಗೆ ಸಿಟ್ಟು ಬಂತು. "ಸಿಹಿಯನ್ನ ಬಿಡಿಬಿಡಿಯಾಗಿ ಬಿಟ್ಟರೆ ಯಾರಾದರೂ ಎತ್ಕೊಂಡು ಹೋಗ್ತಾರೆ. ನಾವು ಬಿಟ್ಟರೆ ಮಳೆ ಕರಗಿಸುತ್ತೆ. ನಾವು ಹಳ್ಳ ಹೇಗೆ ದಾಟ್ತೀವಿ, ಬಾ ನೋಡು."

ದೇವೀರಿ ಹೋಗಿ ನೋಡಿದಳು. ಇರುವೆಗಳು ಒಂದರ ಕಾಲನ್ನು ಒಂದು ಹಿಡಿದು, ಸರಪಳಿಯಾಗಿ ನೀರಿನ ಮೇಲೆ ಸಾಲುಗಟ್ಟಿದ್ದವು. ಒಂದೂ ಕೊಚ್ಚಿಹೋಗಲಿಲ್ಲ.

ಅವಳು ತಿರುಗಿ ಬಂದು ಸಿಹಿಯ ಕಣಗಳಿಗೆ ಹೇಳಿದಳು, "ನೀವೂ ಹಾಗೇ ಕೈ ಕೈ ಹಿಡೀರಿ." ಸಿಹಿಯ ಕಣಗಳು ಕೈ ಕೈ ಹಿಡಿದು ನಿಂತವು. ಹಾಗೆ ನಿಂತೊಡನೆ ಬಿಳಿ ಹಿಟ್ಟಾದವು. ನಾಲಿಗೆಗಿಟ್ಟರೆ ಸಿಹಿಯೇ ಇಲ್ಲ, ಒಳಗೆ ಅವಿತುಕೊಂಡಿದೆ. ಮಗು, ನೀನು ರೊಟ್ಟಿ ಚೂರನ್ನು ನುಂಗದೆ ಅಗಿಯುತ್ತಲೇ ಇರು, ಹಿಡಿದ ಕೈಗಳು ಬಿಟ್ಟುಹೋಗಿ ಆ ಸಿಹಿ ಮೆಲ್ಲಗೆ ಹೊರಗೆ ಬರುತ್ತದೆ.

ಹಿಟ್ಟನ್ನು ಉಂಡೆ ಕಟ್ಟಿ ಹೂತಳು. ಈ ಸಲ ಇರುವೆ ಮುಟ್ಟಲಿಲ್ಲ, ಮಳೆ ಬಂತು. ಉಂಡೆ ನೆನೆದು ಗಂಜಿಯಾಯಿತು.

ಮಳೆಯಲ್ಲೇ ಕೆರೆಯ ಕಡೆ ನಡೆದಳು. ಕೆರೆಯ ನಡುವೆ ಬಾತುಕೋಳಿ ತೇಲುತ್ತಿತ್ತು. ಅಷ್ಟು ನೀರಿನಲ್ಲಿದ್ದರೂ ಅದರ ಮೈ ಒಣಗಿಯೇ ಇತ್ತು.

"ನಿನ್ನ ಮೈ ಯಾಕೆ ನೆನೆಯಲ್ಲ?"

"ಬಾಲದ ಬುಡದಲ್ಲಿ ಜಿಡ್ಡಿದೆ, ಗರಿಗೆಲ್ಲ ಬಳಿದುಕೊಳ್ತೀನಿ. ನೀರಿಗೂ ಜಿಡ್ಡಿಗೂ ಹುಟ್ಟಿದಾಗಿನಿಂದ ಆಗಿಬರಲ್ಲ" ಎಂದಿತು ಬಾತುಕೋಳಿ. ಒಳ್ಳೆಯ ಮನಸ್ಸಿನದು. ಕೇಳುವ ಮೊದಲೇ ಕೊಕ್ಕಿನ ತುದಿಯಲ್ಲಿ ಒಂದು ತೊಟ್ಟು ಕೊಟ್ಟಿತು.

ದೇವೀರಿ ಹೊಸ ಉಂಡೆಗೆ ಜಿಡ್ಡು ಸವರಿದಳು. ಈಗ ನೀರು ನುಗ್ಗಲಿಲ್ಲ. ಆದರೆ ಉಂಡೆ ಹೂತಲ್ಲೇ ಗುಂಡುಕಲ್ಲಿನ ಹಾಗೆ ಬಿದ್ದುಕೊಂಡಿತು. ಬಿರಿಯಲಿಲ್ಲ, ಚಿಗುರಲಿಲ್ಲ.

ಚಪ್ಪರದ ಮೂಲೆಯಲ್ಲಿದ್ದ ಜೇಡ ಮೇಲಿನಿಂದಲೇ ಗೊಣಗಿತು. "ಸಾಮಾನೆಲ್ಲ ತಂದಿಟ್ಟಿದ್ದೀಯ. ಒಲೆ ಹಚ್ಚೋರು ಯಾರು? ಬೇಯಿಸೋರು ಯಾರು? ಬುತ್ತಿ ತಾನಾಗಿ ಬಾಯಿಗೆ ಬರುತ್ತಾ?"

"ಕೆಲಸದೋರು ಎಲ್ಲಿ ಸಿಗ್ತಾರಪ್ಪ?"

"ನನ್ನ ಎಳೆಯಲ್ಲಿ. ಸಣ್ಣ ಸಣ್ಣ ಮಣಿ ಪೋಣಿಸಿ ಎಳೆ ಮಾಡ್ತೀನಿ. ಹೀಗೆ ಮಡಚಿದರೆ ಕತ್ತರಿಸೋ ಹಲ್ಲು, ಹಾಗೆ ಮಡಚಿದರೆ ಜೋಡಿಸೋ ಕೈ. ಆದರೆ ನನಗೆ ಪುರಸೊತ್ತಿಲ್ಲ. ಈ ಹಾಳು ಗಾಳಿ ನನ್ನ ಬಲೆಯನ್ನೇ ಮುಗಿಸೋಕೆ ಬಿಡ್ತಿಲ್ಲ."

ದೇವೀರಿ ಎದ್ದು ಗಾಳಿಗೆ ಬೆನ್ನು ಕೊಟ್ಟು ನಿಂತಳು. ಗಾಳಿ ಸೆರಗು ಎಳೆಯಿತು, ಕಣ್ಣಿಗೆ ಮಣ್ಣು ತೂರಿತು. "ಪಕ್ಕಕ್ಕೆ ಹೋಗೇ" ಎಂದು ದಬಾಯಿಸಿತು. ಅವಳು ಕದಲಲಿಲ್ಲ. ಬಲೆಯ ಕೊನೆಯ ಸುತ್ತು ಮುಗಿಯುವವರೆಗೂ ಹಾಗೇ ನಿಂತಿದ್ದಳು.

ಜೇಡ ಕೆಳಗಿಳಿದು ಬಂದು, ಒಂದು ಹಿಡಿ ಎಳೆಯನ್ನು ಅವಳ ಅಂಗೈಗಿಟ್ಟಿತು.

ಹಿಟ್ಟು, ಜಿಡ್ಡು, ಎಳೆ ಮೂರೂ ಸೇರಿದ ಉಂಡೆಯನ್ನು ಹೂತಳು. ಈ ಸಲ ನೆಲ ಬಿರಿಯಿತು! ದೇವೀರಿ ಮಗಳನ್ನು ಎತ್ತಿಕೊಂಡು ಓಡಿಬಂದಳು.

ಮೇಲೆ ಬಂದದ್ದು ಮಾತ್ರ ಒಂದು ಮುದ್ದೆ. ಅದಕ್ಕೆ ಬೇರೂ ಇಲ್ಲ, ಎಲೆಯೂ ಇಲ್ಲ. ಅತ್ತ ಉಬ್ಬುತ್ತದೆ, ಇತ್ತ ಉಬ್ಬುತ್ತದೆ. "ನಾನು ಯಾರು? ನಾನು ಏನಾಗಬೇಕು?" ಎಂದು ಅಳುತ್ತದೆ. ನೋಡನೋಡುತ್ತಿದ್ದಂತೆ ಅದು ಒಡೆದು ನೀರಾಗಿ ಹೋಯಿತು.

ಅವತ್ತು ದೇವೀರಿಯೂ ಅತ್ತಳು. "ಅವ್ವ, ಹಸಿವು" ಎಂದು ಚೆಲುವಿ ಅವಳ ಮಂಡಿ ಹಿಡಿದುಕೊಂಡಳು. ತಲೆಯೆತ್ತಿ ನೋಡಿದರೆ ಅರ್ಧ ಬಳ್ಳಿ ಹಳದಿಯಾಗಿದೆ, ಬೆಟ್ಟಯ್ಯ ಕುಡುಗೋಲು ಹಿಡಿದು ನಿಂತಿದ್ದಾನೆ. ಹಿಂದೆ ಇಡೀ ಹಟ್ಟಿ.

ಆಗ ಬಳ್ಳಿ ಸಣ್ಣ ದನಿಯಲ್ಲಿ ಹೇಳಿತು, "ದೇವೀರಿ, ಅದಕ್ಕೆ ಎಲ್ಲ ಇತ್ತು, ನೆನಪೊಂದಿರಲಿಲ್ಲ. ಅವರೆಬಳ್ಳಿ ಆಗೋದು ಹೇಗೆ ಅನ್ನೋ ನೆನಪು ಈ ಲೋಕದಲ್ಲಿ ನನಗೊಬ್ಬಳಿಗೇ ಇರೋದು."

ದೇವೀರಿ ಕಣ್ಣೊರೆಸಿಕೊಂಡು ಬಳ್ಳಿಗೆ ಅಡ್ಡ ನಿಂತಳು. "ಭಾವ, ಹೊತ್ತು ಮುಳುಗೋವರೆಗೆ ಬಿಡು."

"ಮಕ್ಕಳು ಅಳ್ತಿದ್ದಾವೆ ದೇವೀರಿ. ನಿನ್ನ ಹಟಕ್ಕೆ ಹಟ್ಟಿಯೆಲ್ಲ ಉಪವಾಸ ಬೀಳಬೇಕಾ?"

"ನನ್ನ ಮಗಳೂ ಅಳ್ತಿದ್ದಾಳೆ ಭಾವ. ಇವತ್ತು ತಿಂದರೆ ಇವತ್ತು ಸುಮ್ಮನಾಗ್ತಾಳೆ. ನಾಳೆ ಅತ್ತರೆ ಏನು ಕೊಡಲಿ? ನೀನೇ ಹೇಳು."

ಬೆಟ್ಟಯ್ಯ ಮಗುವಿನ ಮುಖ ನೋಡಿದ. ಕುಡುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. "ಹೊತ್ತು ಮುಳುಗೋವರೆಗೆ" ಎಂದ.

ದೇವೀರಿ ಬಳ್ಳಿಯ ಸಿಪ್ಪೆಯಿಂದಲೇ ಒಂದು ನಾರು ಸೀಳಿದಳು. "ಹೇಳವ್ವ" ಎಂದಳು.

ಬಳ್ಳಿ ಮೊದಲಿನಿಂದ ಹೇಳತೊಡಗಿತು. ಮೊದಲು ಬೇರು ಕೆಳಗೆ ಇಳಿಯಬೇಕು. ಆಮೇಲೆ ಕತ್ತು ಮೇಲೇಳಬೇಕು. ಎಲೆ ಮೂರು ಮೂರಾಗಿ ಬರಬೇಕು. ಕುಡಿ ಯಾವ ಕಡೆಗೆ ಸುತ್ತಬೇಕು, ಹೂವಿಗೆ ಯಾವ ಬಣ್ಣ, ಕಾಯಿಗೆ ಎಷ್ಟು ಡೊಂಕು. ಒಂದೊಂದು ಮಾತಿಗೂ ದೇವೀರಿ ನಾರಿನಲ್ಲಿ ಒಂದೊಂದು ಗಂಟು ಹಾಕಿದಳು. ಹೊತ್ತು ಇಳಿಯುತ್ತಿತ್ತು. ಅವಸರದಲ್ಲಿ ಎಳೆದಳು, ನಾರು ಪಟ್ಟನೆ ಹರಿಯಿತು. ಹೂವಿನ ಬಣ್ಣವೇ ಮಾಯ!

"ಇನ್ನೊಂದು ಸಲ ಹೇಳೋಕೆ ನನಗೆ ಉಸಿರಿಲ್ಲ ಕಣವ್ವ" ಎಂದಿತು ಬಳ್ಳಿ.

"ಹೋದಷ್ಟು ಮಾತ್ರ ಹೇಳು. ಈ ಸಲ ಹರಿಯೋಕೆ ಬಿಡಲ್ಲ." ಬಳ್ಳಿ ಹೂವಿನ ಬಣ್ಣವನ್ನು ಮತ್ತೆ ಹೇಳಿತು.

ಹಗ್ಗ ಹೊಸೆಯುವವಳಿಗೆ ಹಗ್ಗದ ಗುಟ್ಟು ಗೊತ್ತಿರುವುದಿಲ್ಲವೇ? ಹರಿದದ್ದನ್ನು ಗಂಟಿಕ್ಕಿ, ಇನ್ನೊಂದು ನಾರು ತೆಗೆದು, ಅದರಲ್ಲೂ ಗಂಟಿಗೆ ಎದುರು ಗಂಟು ಹಾಕಿದಳು. ಎರಡನ್ನೂ ತೊಡೆಯ ಮೇಲಿಟ್ಟು ಜೋಡಿಹುರಿಯಾಗಿ ಹೊಸೆದಳು. ಒಂದು ಕಡೆ ಹರಿದರೆ ಇನ್ನೊಂದು ಕಡೆ ನೋಡಿ ಸರಿಮಾಡಿಕೊಳ್ಳಬಹುದು. ಹುರಿ ಏಣಿಯನ್ನು ತಿರುಚಿದಂತೆ ಸುರುಳಿ ಸುತ್ತಿಕೊಂಡು ಗಟ್ಟಿಯಾಯಿತು.

ಹುರಿಯನ್ನು ಎಳೆಗೆ ಸುತ್ತಿ, ಹಿಟ್ಟಿನೊಳಗಿಟ್ಟು, ಮೇಲೆ ಜಿಡ್ಡು ಸವರಿದಳು. ಬಳ್ಳಿ ತನ್ನ ಒಂದು ಪೊಳ್ಳುಕಾಯಿಯನ್ನು ತೆರೆದು, ಅದನ್ನು ಒಳಗಿಟ್ಟುಕೊಂಡು ಸಿಪ್ಪೆ ತೊಡಿಸಿತು. "ನನ್ನ ಕೆಲಸ ಆಯ್ತು. ಇನ್ನು ಕೊಯ್ಕೊಳ್ಳಿ" ಎಂದಿತು. ಅದೇ ಅದರ ಕೊನೆಯ ಮಾತು. ಸೂರ್ಯ ಗುಡ್ಡದ ಹಿಂದೆ ಇಳಿದ.

ಆ ದಿನ ಹಟ್ಟಿಯವರೆಲ್ಲ ಬೇಯಿಸಿದ ಸೊಪ್ಪು ತಿಂದರು. ದೇವೀರಿಯ ಕೈಯಲ್ಲಿ ಒಂದೇ ಒಂದು ಕಾಳು ಉಳಿಯಿತು. ಅದೇ ಲೋಕದ ಮೊದಲ ಬೀಜ.

ಸೊಪ್ಪು ಮುಗಿಯಿತು. ಹಸಿವು ತಿರುಗಿ ಬಂತು. ಚೆಲುವಿ ಕಾಳಿಗೆ ಕೈಚಾಚಿದಳು. "ಕೊಡು ದೇವೀರಿ, ಮಗು ತಿನ್ನಲಿ" ಎಂದರು ಜನ. ದೇವೀರಿ ಮಗಳ ಬಾಯಿ ನೋಡಿದಳು, ಕಾಳು ನೋಡಿದಳು. ಮುಷ್ಟಿ ಬಿಗಿಹಿಡಿದು ಚಪ್ಪರದ ಬುಡಕ್ಕೆ ಹೋಗಿ ಬಿತ್ತಿಬಿಟ್ಟಳು. ಆಮೇಲೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಗುಡ್ಡ ಹತ್ತಿ, ಯಾರೂ ಬಾಯಿಗಿಡದ ಕಹಿಗೆಡ್ಡೆ ಅಗೆದು ಬೇಯಿಸಿ ತಿನ್ನಿಸಿದಳು. ಚೆಲುವಿ ಉಗುಳಿದಳು, ಅತ್ತಳು, ಕೊನೆಗೆ ತಿಂದಳು.

ಒಂದು ಬೆಳಿಗ್ಗೆ ದೇವೀರಿ ನೀರು ಹಾಕಲು ಬಂದರೆ ಮಣ್ಣು ಆಗಲೇ ಒದ್ದೆಯಾಗಿದೆ. ಬೆಟ್ಟಯ್ಯ ಗಡಿಗೆ ಹಿಡಿದು ನಿಂತಿದ್ದಾನೆ.

"ಏನು ಭಾವ?"

"ಏನಿಲ್ಲ. ಬಿಸಿಲು ಜಾಸ್ತಿ ಇತ್ತು" ಎಂದು ಬೇರೆ ಕಡೆ ನೋಡಿದ.

ಆಗಲೇ ನೆಲ ಬಿರಿಯಿತು. ಮೂಟೆ ಹೊತ್ತವರ ಹಾಗೆ ಕತ್ತು ಬಗ್ಗಿಸಿಕೊಂಡು ಒಂದು ಮೊಳಕೆ ಎದ್ದಿತು. ತಲೆಯ ಮೇಲೆ ಎರಡು ಬೇಳೆಯ ಬುತ್ತಿ. ಅದು ಅಳಲಿಲ್ಲ. "ನಾನು ಯಾರು" ಎಂದು ಯಾರನ್ನೂ ಕೇಳಲಿಲ್ಲ. ಬುತ್ತಿಯನ್ನು ತಿನ್ನುತ್ತಾ ತಿನ್ನುತ್ತಾ ಬೇರು ಇಳಿಸಿತು, ಎಲೆ ಮೂರು ಮೂರಾಗಿ ಬಿಟ್ಟಿತು. ಅದರ ತಾಯಿ ಯಾವ ಕಡೆಗೆ ಸುತ್ತುತ್ತಿದ್ದಳೋ ಅದೇ ಕಡೆಗೆ ಸುತ್ತಿಕೊಂಡು ಚಪ್ಪರ ಏರಿತು.

ಕಾಯಿ ಬಿಟ್ಟಾಗ ಬೆಟ್ಟಯ್ಯನೇ ಮೊದಲನೆಯದನ್ನು ಸುಲಿದ. ಒಳಗಿನ ಕಾಳನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದ. "ತುಂಬಿದೆ ಕಣಮ್ಮ ದೇವೀರಿ, ತುಂಬಿದೆ" ಎಂದ. ಕಾಳುಗಳನ್ನು ಅವಳ ಮಡಿಲಿಗೆ ಸುರಿದ. ದೇವೀರಿ ಮೊದಲು ಬಿತ್ತನೆಗೆ ಎತ್ತಿಟ್ಟಳು, ಉಳಿದದ್ದನ್ನು ಬೇಯಿಸಿದಳು. ಚೆಲುವಿ ಹೊಟ್ಟೆ ತುಂಬ ತಿಂದು ಅವ್ವನ ತೊಡೆಯ ಮೇಲೇ ನಿದ್ದೆಹೋದಳು.

ಗಾಳಿ ಈ ಸುದ್ದಿಯನ್ನು ಊರೂರಿಗೆ ಹೊತ್ತುಕೊಂಡು ಹೋಯಿತು. ಹುಲ್ಲು ಕೇಳಿಸಿಕೊಂಡಿತು, ಹುಣಸೆ ಕೇಳಿಸಿಕೊಂಡಿತು, ಆನೆ, ಮೀನು, ಹಲ್ಲಿ, ಮನುಷ್ಯ ಎಲ್ಲರೂ ಕೇಳಿಸಿಕೊಂಡರು. ಅಂದಿನಿಂದ ಜೀವ ಇರುವುದೆಲ್ಲ ಈ ನಾಲ್ಕನ್ನೂ ಮೈಯೊಳಗೆ ಕಟ್ಟಿಕೊಂಡೇ ಹುಟ್ಟುತ್ತದೆ. ಕೈ ಕೈ ಹಿಡಿದ ಸಿಹಿ, ನೀರಿಗೆ ಬಗ್ಗದ ಜಿಡ್ಡು, ಕೆಲಸ ಮಾಡುವ ಎಳೆ, ನೆನಪಿನ ಜೋಡಿಹುರಿ. ನಿನ್ನ ಮೂಗು ನಿನ್ನ ಅಜ್ಜಿಯ ಮೂಗಿನ ಹಾಗಿದ್ದರೆ, ಅದು ಆ ಹುರಿ ನೆನಪಿಟ್ಟುಕೊಂಡದ್ದು.

ನಂಬಿಕೆಯಿಲ್ಲದಿದ್ದರೆ, ಅವ್ವ ಹಿತಕಿದಬೇಳೆ ಸಾರಿಗೆ ಅವರೆಕಾಳು ನೆನೆಹಾಕಿದಾಗ ಒಂದನ್ನು ತೆಗೆದು ಸಿಪ್ಪೆ ಹಿಸುಕಿ, ಎರಡು ಬೇಳೆಯನ್ನು ಮೆಲ್ಲಗೆ ಬಿಡಿಸಿ ನೋಡು ಮಗು: ದೇವೀರಿ ಮುಷ್ಟಿ ಬಿಗಿಹಿಡಿದು ಉಳಿಸಿದ ಆ ಪುಟ್ಟ ಬಳ್ಳಿ ಇವತ್ತಿಗೂ ಅಲ್ಲಿ ಕತ್ತು ಬಗ್ಗಿಸಿಕೊಂಡು, ಬುತ್ತಿಯ ನಡುವೆ ಮಲಗಿರುತ್ತದೆ.