ಗಾಯವಿಲ್ಲದ ಮೊಲ

ಗಾಯ ಹೊಲಿಯುವುದರಲ್ಲಿ ಮುಳ್ಳುಹಂದಿ ಪಂಡಿತರನ್ನು ಮೀರಿಸುವವರು ಆ ಕಾಡಿನಲ್ಲೇ ಇರಲಿಲ್ಲ. ಚಿಮ್ಮುವ ರಕ್ತವನ್ನು ನಿಲ್ಲಿಸುವುದು ಹೇಗೆಂದು ಶಿಷ್ಯರಿಗೆ ಕಲಿಸಲು ಅವರು ಪ್ರತಿ ವರ್ಷವೂ ಒಂದು ಮೊಲವನ್ನು ಕರೆಸುತ್ತಿದ್ದರು.

ಆ ಸಲ ಬಂದ ಎಳೆಯ ಮೊಲ ಕೇಳಿತು, "ಪಂಡಿತರೇ, ನನಗೆ ಗಾಯವೇ ಆಗಿಲ್ಲವಲ್ಲ?"

"ಅದನ್ನು ನಾವೇ ಮಾಡುತ್ತೇವೆ. ಮದ್ದು ಕುಡಿದು ಮಲಗು, ನೋವು ತಿಳಿಯುವುದಿಲ್ಲ. ನಿನ್ನಿಂದ ನೂರು ಜೀವ ಉಳಿಯುತ್ತದೆ," ಎಂದರು ಪಂಡಿತರು.

ತೊಡೆಯ ರಕ್ತನಾಳವನ್ನು ಕೊಯ್ದು, ಕಟ್ಟಿ ತೋರಿಸಿದರು. ಶಿಷ್ಯರು ಒಬ್ಬೊಬ್ಬರಾಗಿ ಬಿಚ್ಚಿ ಕಟ್ಟಿದರು. ಕೊನೆಯ ಶಿಷ್ಯ ನೀರುನಾಯಿಯ ಸರದಿ ಬರುವಷ್ಟರಲ್ಲಿ ಮೊಲದ ಉಸಿರು ನಿಂತಿತ್ತು.

ಕಲಿಯದೆ ಉಳಿದ ನೀರುನಾಯಿ ಒಂದು ಸೋರೆಬುರುಡೆಗೆ ತಾವರೆಯ ದಂಟು ಸಿಕ್ಕಿಸಿ, ಕೆಂಪು ನೀರು ತುಂಬಿ, ದಿನವೂ ದಂಟನ್ನು ಕೊಯ್ದು ಸೋರಿಸಿ ಕಟ್ಟತೊಡಗಿತು. ತಿಂಗಳು ಕಳೆದ ಮೇಲೆ ಬಾಣ ತಗುಲಿದ ಕಡವೆಯೊಂದು ಪಂಡಿತರ ಮತ್ತು ಶಿಷ್ಯರ ಮುಂದೆ ಬಂದು ಬಿತ್ತು. ಉಳಿದ ಶಿಷ್ಯರು ಇನ್ನೂ ತಡಕಾಡುತ್ತಿದ್ದಾಗ ನೀರುನಾಯಿ ರಕ್ತ ನಿಲ್ಲಿಸಿಯಾಗಿತ್ತು.

"ಎಲ್ಲಿ ಕಲಿತೆ?" ಎಂದು ಪಂಡಿತರು ಬೆರಗಾಗಿ ಕೇಳಿದರು.

"ಸೋರೆಬುರುಡೆಯ ಮೇಲೆ. ಅದನ್ನು ಎಷ್ಟು ಸಲ ಬೇಕಾದರೂ ಕಟ್ಟಬಹುದು, ಪಂಡಿತರೇ."

ಆ ದಿನವೇ ಪಂಡಿತರು ಸತ್ತ ಮೊಲದ ತಾಯಿಯ ಬಿಲದ ಬಳಿ ಹೋಗಿ ತಲೆ ತಗ್ಗಿಸಿ ನಿಂತರು.

"ತಾಯೀ, ಬೇರೆ ದಾರಿಯೇ ಇಲ್ಲವೆಂದುಕೊಂಡಿದ್ದೆ."

"ಹುಡುಕಿದ್ದಿರಾ?" ಎಂದು ಕೇಳಿತು ತಾಯಿ ಮೊಲ.

ಇಷ್ಟು ವರ್ಷಗಳಲ್ಲಿ ಅವರು ಒಂದು ದಿನವೂ ಹುಡುಕಿರಲಿಲ್ಲ.