ಮೈ ಉಗುರುಬೆಚ್ಚಗೆ ಉಳಿದದ್ದು

ಭೂಮಿ ಆಗಷ್ಟೇ ಹುಟ್ಟಿತ್ತು. ಹೊಳೆಗಳಿಗೆ ಇನ್ನೂ ದಾರಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಆಗ ಮನುಷ್ಯರ ಮೈಗೆ ಸ್ವಂತ ಬಿಸಿ ಇರಲಿಲ್ಲ. ಓತಿಕ್ಯಾತನ ಹಾಗೆ ಬಿಸಿಲು ಬಂದರೆ ಬೆಚ್ಚಗೆ, ಮೋಡ ಬಂದರೆ ತಣ್ಣಗೆ.

ಹೊನ್ನವ್ವ ಎಂಬ ತಾಯಿಗೆ ಚಿಗರಿ ಎಂಬ ಮಗಳಿದ್ದಳು. ಒಮ್ಮೆ ಏಳು ದಿನ ಮೋಡ ಕವಿಯಿತು. ಚಿಗರಿ ಕುಡಿದ ಅಂಬಲಿ ಕುಡಿದ ಹಾಗೇ ಹೊಟ್ಟೆಯಲ್ಲಿ ಉಳಿಯಿತು. ಹುಡುಗಿ ಸೊರಗಿ ಕಡ್ಡಿಯಾದಳು.

ಹೊನ್ನವ್ವ ಮಗಳ ಹೊಟ್ಟೆಗೆ ಕಿವಿಯಿಟ್ಟಳು. ಒಳಗೆ ಯಾರೋ ಆಕಳಿಸುತ್ತಿದ್ದಾರೆ!

"ಯಾರದು ಒಳಗ?"

"ನಾವು ಕಿಣ್ವಗಳು, ಯವ್ವಾ. ಉಂಡದ್ದನ್ನ ಬಿಡಿಸಿ ಮೈಗೆ ಹಂಚೋರು. ಥಂಡಿಗೆ ಕೈ ಏಳವಲ್ಲವು."

ಕಣ್ಣಿಗೆ ಕಾಣದಷ್ಟು ಚಿಕ್ಕವರು ಇವರು. ಒಬ್ಬೊಬ್ಬರ ಕೈಗೆ ಒಂದೊಂದು ಆಕಾರ. ಹಿಟ್ಟು ಬಿಡಿಸುವ ಕೈ ಬೆಣ್ಣೆ ಬಿಡಿಸಲಾರದು.

ಹೊನ್ನವ್ವ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ಮೋಡ ದಾಟಿ ಗುಡ್ಡದ ತುದಿಗೆ ಹೋದಳು.

"ಸೂರ್ಯಪ್ಪಾ, ನನ್ನ ಕೂಸು ಸಾಯಾಕತ್ತೇತಿ. ಅದರ ಹೊಟ್ಟ್ಯಾಗ ಒಂದು ಕಿಡಿ ಇಡಪಾ."

ಸೂರ್ಯ ಕಿಡಿ ಇಟ್ಟ. ಕಿಣ್ವಗಳು ಎದ್ದವು, ಕೆಲಸ ಹಿಡಿದವು. ಚಿಗರಿ ಕಣ್ಣು ಬಿಟ್ಟಳು.

ಅಷ್ಟಕ್ಕೇ ಹೊನ್ನವ್ವ ಸುಮ್ಮನಿರಬಾರದೇ? ಒಲೆ ಮುಂದೆ ಕೂತವಳ ಬುದ್ಧಿ, ಉರಿ ಹೆಚ್ಚಿದರೆ ಅಡುಗೆ ಬೇಗ ಎಂದುಕೊಂಡಳು. "ಇನ್ನಷ್ಟು ಹಾಕಪಾ!" ಎಂದಳು. ಸೂರ್ಯನೂ ಹಿಂದುಮುಂದು ನೋಡದೆ ಸುರಿದ.

ಕಿಣ್ವಗಳು ಮೊದಲು ಓಡಿ ಓಡಿ ದುಡಿದವು. ಆಮೇಲೆ ಒಂದೊಂದರ ಕೈಯೂ ಆಕಾರ ಕಳೆದುಕೊಂಡು ಜೋತುಬಿತ್ತು. ಚಿಗರಿಯ ಮೈ ಕೆಂಡವಾಯಿತು. ತಾಯಿಯ ಗುರುತೂ ಅವಳಿಗೆ ಸಿಗಲಿಲ್ಲ.

ಸೂರ್ಯ ಗಾಬರಿಯಾದ. "ಎಷ್ಟು ಬೇಕಂತ ನನಗೇನ್ ಗೊತ್ತು, ತಂಗೀ?"

ಹೊನ್ನವ್ವ ಹಣೆ ಚಚ್ಚಿಕೊಂಡಳು. "ನನಗ ಗೊತ್ತಿತ್ತು! ದಿನಾ ಹಾಲಿಗೆ ಹೆಪ್ಪು ಹಾಕಾಕಿ ನಾನು. ಸುಡೋ ಹಾಲಿಗೆ ಹಾಕಿದ್ರ ಹೆಪ್ಪು ಸಾಯ್ತೈತಿ. ತಣ್ಣನ ಹಾಲಿಗೆ ಹಾಕಿದ್ರ ಮೊಸರಾಗೂದಿಲ್ಲ. ನಾ ಮುಟ್ಟಿ ಹೇಳ್ತೀನಿ, ನೀ ಇಳಸು."

ಮಗಳ ಹಣೆಯ ಮೇಲೆ ಕೈಯಿಟ್ಟಳು.

"ಇಳಸು... ಇನ್ನಷ್ಟು ಇಳಸು... ಸಾಕು! ಇಷ್ಟೇ ಇರಲಿ."

ಬಿಸಿ ಅಷ್ಟಕ್ಕೇ ನಿಂತಿತು. ಜೋತುಬಿದ್ದ ಕೈಗಳು ಮತ್ತೆ ಸರಿಹೋಗಲಿಲ್ಲ, ಪಾಪ. ಅವುಗಳ ಜಾಗಕ್ಕೆ ಹೊಸ ಕಿಣ್ವಗಳು ಹುಟ್ಟಿ ಬಂದವು. ಸಂಜೆ ಹೊತ್ತಿಗೆ ಚಿಗರಿ, "ಯವ್ವಾ, ಹಸಿವು" ಎಂದಳು. ಹೊನ್ನವ್ವ ಅತ್ತುಬಿಟ್ಟಳು.

ಸೂರ್ಯ ಅದೇ ಹದದ ಕಿಡಿಯನ್ನು ಎಲ್ಲರ ಹೊಟ್ಟೆಯಲ್ಲೂ ಇಟ್ಟ. ಅಂದಿನಿಂದ ಆ ಹದವನ್ನು ಮೈ ತಾನೇ ಕಾಯ್ದುಕೊಳ್ಳುತ್ತದೆ. ಚಳಿಗೆ ನಡುಗುತ್ತದೆ, ಸೆಕೆಗೆ ಬೆವರುತ್ತದೆ. ಆದರೂ ನೀನು ಸ್ವಲ್ಪ ಸಪ್ಪಗೆ ಕೂತರೆ ಸಾಕು, ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಏನನ್ನೂ ಕೇಳದೆ, ಮೊದಲು ನಿನ್ನ ಹಣೆ ಮುಟ್ಟುತ್ತಾಳೆ.